ಆರು, ಹಾಕ್ಲಾ?

ಅವರ ಜೊತೆ ನಾನು ತೆಗೆದ ಮೊದಲ ಜಗಳ ಕಣ್ಣಿನ ಪರೀಕ್ಷೆಯದ್ದು. ಆರ್‌ಪಿಸಿ ಲೇಔಟಿನಲ್ಲಿ ಅವರದೊಂದು ಸಣ್ಣ ಕನ್ನಡಕದಂಗಡಿ. ನನ್ನ ಮೂಗಿನ ಮೇಲೆ ಆ ಭಾರದ ಫ್ರೇಮ್ ಕೂರಿಸಿ, ಒಂದು ಗಾಜು ಹಾಕಿ, ಅದನ್ನು ತೆಗೆದು ಇನ್ನೊಂದು ಹಾಕಿ, "ಇದು ಚೆನ್ನಾಗಿದ್ಯಾ, ಇದಾ?" ಎಂದು ಕೇಳಿದರು.

"ಚೆನ್ನಾಗಿ ಅಂದ್ರೆ ಏನು ಅಂಕಲ್? ದಪ್ಪಗೆ ಕಾಣೋದಾ, ಕಪ್ಪಗೆ ಕಾಣೋದಾ? ಅಳತೆ ಯಾವುದು ಅಂತ ಹೇಳ್ದೆ ತೀರ್ಪು ಕೇಳ್ತಾ ಇದೀರ."

ಆಗ ನಾನು ಕಾನೂನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ, ಚರ್ಚಾ ತಂಡದಲ್ಲಿದ್ದೆ, ಎದುರಿಗಿರುವವರು ಬಾಯಿ ಮುಚ್ಚಿದರೆ ನಾನು ಹೇಳಿದ್ದು ನಿಜ ಎಂದು ನಂಬಿದ್ದೆ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಗದರುತ್ತಿದ್ದರು. ಅವರು ಗಾಜನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚನೆಗೆ ಬಿದ್ದರು. ನನ್ನ ಹಿಂದೆ ಇಬ್ಬರು ಕಾಯುತ್ತಿದ್ದರು.

"ಸರಿ ಕಣಮ್ಮಾ," ಎಂದರು ಕೊನೆಗೆ. "ಚೆನ್ನಾಗಿದ್ಯಾ ಅಂತ ಕೇಳಲ್ಲ. ಕೆಳಗಿನ ಸಾಲಲ್ಲಿ ಏನ್ ಕಾಣಿಸ್ತಿದೆ, ಅಷ್ಟು ಹೇಳು. ಏನ್ ಅನ್ನಿಸ್ತಿದೆ ಅನ್ನೋದು ಆಮೇಲೆ."

ಅಂದಿನಿಂದ ನನಗೆ ‘ಲಾಯರಮ್ಮ’ ಎಂದು ಹೆಸರಿಟ್ಟರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ, ಇದರಲ್ಲಿ ನೀನು ಕಂಡದ್ದೆಷ್ಟು, ನಿನಗೆ ಅನ್ನಿಸಿದ್ದೆಷ್ಟು ಎಂದು ಸಾಲು ಸಾಲಾಗಿ ಕೇಳುತ್ತಾರೆ.

ಅವರ ವಯಸ್ಸು ಅರವತ್ತು ದಾಟಿತ್ತು. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರ್. ಸ್ವಂತ ಕನ್ನಡಕದ ಪವರು ಮೈನಸ್ ಒಂಬತ್ತು. ಆ ಗಾಜಿನ ಹಿಂದೆ ಕಣ್ಣುಗಳು ದೂರದಲ್ಲೆಲ್ಲೋ ಕೂತಿರುವ ಹಾಗೆ ಕಾಣುತ್ತಿದ್ದವು. ಜೇಬಿನಲ್ಲಿ ಸದಾ ಒಂದು ಹಳದಿ ಬಟ್ಟೆ. ಮಾತಾಡುತ್ತಾ ಮಾತಾಡುತ್ತಾ ಎದುರಿಗಿರುವವರ ಕನ್ನಡಕವನ್ನು ಮುಖದಿಂದ ಸಲೀಸಾಗಿ ತೆಗೆದು, ಒರೆಸಿ, ಮತ್ತೆ ಅಲ್ಲೇ ಕೂರಿಸುತ್ತಿದ್ದರು. ಕೇಳುತ್ತಿರಲಿಲ್ಲ. ಬ್ಯಾಂಕ್ ಮ್ಯಾನೇಜರಿಗೂ ಹಾಗೇ, ಹೂವಿನವಳಿಗೂ ಹಾಗೇ. ನನಗೆ ಇದರ ಬಗ್ಗೆಯೂ ಆಕ್ಷೇಪಣೆ ಇತ್ತು, ಆದರೆ ಆ ಹೊತ್ತಿನಲ್ಲಿ ನನಗೆ ಅವರ ಮುಖವೇ ಕಾಣುತ್ತಿರಲಿಲ್ಲವಾದ್ದರಿಂದ ಜಗಳ ಆಡಲಾಗುತ್ತಿರಲಿಲ್ಲ.

ಎರಡನೇ ಸಲ ಹೋದಾಗ, ಅಕ್ಷರದ ಬೋರ್ಡಿನ ಕೆಳಗೆ, ಮೂಗಿನ ಪ್ಯಾಡುಗಳ ಡಬ್ಬದ ಪಕ್ಕ, ಅಂಗೈಯಷ್ಟಗಲದ ಡ್ರೋನ್ ಇತ್ತು. ಕನ್ನಡಕದ ಕಿವಿ ಬಿಗಿಮಾಡುವ ಅದೇ ಪುಟ್ಟ ಸ್ಕ್ರೂಡ್ರೈವರಿನಲ್ಲಿ ಅವರು ಅದರ ರೆಕ್ಕೆ ಬಿಗಿಮಾಡುತ್ತಿದ್ದರು. ನನಗೂ ಆ ಹುಚ್ಚು ಹೊಸದಾಗಿ ಹತ್ತಿತ್ತು. ನಾನು ಕೇಳಿದೆ, ಅವರು ಹೇಳಿದರು, ನನ್ನ ಕನ್ನಡಕ ಎರಡು ಗಂಟೆ ತಡವಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಬಗೆಯ ಡ್ರೋನಿನ ಮೂಗಿನಲ್ಲಿ ಒಂದು ಕ್ಯಾಮೆರಾ ಇರುತ್ತದೆ. ಅದು ಕಂಡದ್ದು ಗಾಳಿಯಲ್ಲಿ ಬಂದು, ನೆಲದ ಮೇಲೆ ನಿಂತವರ ಕಣ್ಣ ಮುಂದೆ ಮೂಡುತ್ತದೆ. ಹಾರಿಸುವವರು ಆಕಾಶವನ್ನು ನೋಡುವುದಿಲ್ಲ, ಆಕಾಶದಿಂದ ನೋಡುತ್ತಾರೆ. ಇದಕ್ಕಾಗಿ ನಾವೆಲ್ಲ ಮುಖಕ್ಕೆ ಕಟ್ಟಿಕೊಳ್ಳುವುದು ದಪ್ಪ ಗಾಗಲ್ಸ್. ನಮ್ಮ ಬಾಯಲ್ಲಿ ಅದು ‘ಡಬ್ಬಿ’. ಡಬ್ಬಿ ಹಾಕಿದರೆ ಹೊರಗಿನದು ಏನೂ ಕಾಣುವುದಿಲ್ಲ. ಅವರು ಮಾತ್ರ ಡಬ್ಬಿ ಹಾಕುತ್ತಿರಲಿಲ್ಲ. ಸ್ಮಾರ್ಟ್ ಗ್ಲಾಸ್ ಹಾಕುತ್ತಿದ್ದರು. ನೋಡಲು ಸಾಧಾರಣ ಕನ್ನಡಕದ ಹಾಗೇ ಇರುವ, ಒಂದು ತೆಳು ವೈರಿನಿಂದ ಜೇಬಿನ ಪುಟ್ಟ ರಿಸೀವರಿಗೆ ಸೇರಿಸಿದ ಕನ್ನಡಕ. ಚಿತ್ರ ಎದುರಿಗೆ ತೇಲುತ್ತದೆ, ಗಾಜಿನ ಕೆಳಗಿನ ಸಂದಿಯಲ್ಲಿ ನಿಜವಾದ ನೆಲ ಕಾಣುತ್ತಿರುತ್ತದೆ. ತಮ್ಮ ಪವರಿನ ಗಾಜನ್ನು ತಾವೇ ಉಜ್ಜಿ, ಕೆಳಗಿನ ಸಂದಿಗೂ ಇಳಿಯುವ ಹಾಗೆ ಅದರ ಹಿಂದೆ ಕೂರಿಸಿಕೊಂಡಿದ್ದರು. ಬಿಸಿಲಿಗೆಂದು ಹಳೆಯ ಕೂಲಿಂಗ್ ಗ್ಲಾಸಿನಿಂದ ಕಪ್ಪು ಮುಚ್ಚಳವೊಂದನ್ನು ಕತ್ತರಿಸಿ ಮುಂದೆ ಸಿಕ್ಕಿಸಿದ್ದರು.

"ಡಬ್ಬಿ ಯಾಕೆ ಬೇಡ?" ಎಂದು ಕೇಳಿದೆ.

"ತಲೆ ಸುತ್ತತ್ತೆ. ಎರಡು ಸಲ ವಾಂತಿ ಆಯ್ತು. ಮೇಲೆ ಎಷ್ಟ್ ಬೇಕಾದ್ರೂ ತಿರುಗ್ತೀನಿ ಕಣಮ್ಮಾ, ಆದ್ರೆ ಕೆಳಗಡೆ ನಂಗೆ ನನ್ ಕಾಲು ಕಾಣ್ಬೇಕು."

ಸ್ಮಾರ್ಟ್ ಗ್ಲಾಸಿನ ವಿರುದ್ಧ ನನ್ನ ಬಳಿ ಮೂರು ವಾದಗಳಿದ್ದವು. ಒಂದು, ನಡುವೆ ಇನ್ನೊಂದು ಪೆಟ್ಟಿಗೆ ಇರುವುದರಿಂದ ಚಿತ್ರ ತಡವಾಗಿ ಬರುತ್ತದೆ. ಗೋಡೆ ಕಾಣುವ ಹೊತ್ತಿಗೆ ಡ್ರೋನು ಗೋಡೆಯೊಳಗಿರುತ್ತದೆ. ಅವರು ವಾದ ಮಾಡಲಿಲ್ಲ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಅದರ ಮುಂದೆ ಡ್ರೋನಿನ ಕ್ಯಾಮೆರಾ ಇಟ್ಟು, ನಿಜವಾದ ಗಡಿಯಾರವೂ ಕನ್ನಡಕದೊಳಗಿನ ಗಡಿಯಾರವೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆಯತೊಡಗಿದರು. ಒಂದು ದಿನವಲ್ಲ, ಒಂದು ವಾರ.

"ನನ್ ಕನ್ನಡಕ ಆಯ್ತೇನ್ರೀ? ಇಲ್ಲ ಗಡಿಯಾರದ ಫೋಟೋನೇ ತೆಗೀತಾ ಇರ್ತೀರೋ?" ಎಂದು ಹೊಸಹಳ್ಳಿಯಿಂದ ಬಂದ ಆಂಟಿಯೊಬ್ಬರು ರೇಗಿದರು.

"ಒಂದ್ನಿಮಿಷ ತಾಯಿ. ಈ ಹುಡುಗಿ ತಡ ಆಗತ್ತೆ ಅಂದಿದಾಳೆ. ಎಷ್ಟು ತಡ ಅಂತ ನೋಡ್ತಾ ಇದೀನಿ."

"ನಂಗೆಷ್ಟ್ ತಡ ಆಯ್ತು ಅದನ್ನ ನೋಡಿ ಮೊದ್ಲು!"

ತಡ ಇತ್ತು, ಆದರೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. "ನೀನ್ ಹೇಳಿದ್ದು ಸರಿ," ಎಂದರು ನನಗೆ, ಬಹಳ ಸಂತೋಷದಿಂದ. ಸೋತವರು ಅಷ್ಟು ಸಂತೋಷಪಡುವುದನ್ನು ನಾನು ನೋಡಿರಲಿಲ್ಲ. "ಆದ್ರಿಂದ ನಾನು ನಿಧಾನಕ್ಕೆ ಹಾರಿಸ್ತೀನಿ."

ಎರಡನೇ ವಾದ ಬಿಸಿಲಿನದು. ಅದಕ್ಕೆ ಕಪ್ಪು ಮುಚ್ಚಳ ತೋರಿಸಿದರು. ಮೂರನೆಯದು ನನಗೆ ಬಹಳ ಪ್ರಿಯವಾದದ್ದು: ಎರಡು ಕಡೆ ನೋಡುವವರು ಯಾವ ಕಡೆಯನ್ನೂ ಸರಿಯಾಗಿ ನೋಡುವುದಿಲ್ಲ. ಡಬ್ಬಿಯೊಳಗೆ ಮನಸ್ಸು ಒಂದೇ ಕಡೆ ಇರುತ್ತದೆ, ನಿಮ್ಮದು ಒಡೆದುಹೋಗುತ್ತದೆ. ಇದಕ್ಕೆ ಅವರು ತಲೆ ಕೆರೆದುಕೊಂಡರು. "ಇದನ್ನ ಅಳೆಯೋದು ಹೇಗೆ ಅಂತ ಗೊತ್ತಾಗ್ತಿಲ್ವಲ್ಲ ಲಾಯರಮ್ಮ. ಗೊತ್ತಾಗೋವರ್ಗೂ ಇರ್ಲಿ."

ನಾವು ಕೆಲವರು ಗುಂಪಾಗಿ ಹಾರಿಸುತ್ತಿದ್ದದ್ದು ಕೆಂಗೇರಿ ದಾಟಿ ಒಳಕ್ಕೆ, ಒಬ್ಬ ಗೌಡರ ಹೊಲದಲ್ಲಿ. ಸುತ್ತಲಿನ ಜಮೀನೆಲ್ಲ ಸೈಟುಗಳಾಗಿ, ಅವರದೂ ಮುಕ್ಕಾಲು ಪಾಲು ಬಾಡಿಗೆ ಮನೆಗಳಾಗಿ, ಉಳಿದಿದ್ದ ತುಂಡು ಅದು. ಅಂಚಿನಲ್ಲಿ ಶೀಟಿನ ಕೊಟ್ಟಿಗೆ, ಎರಡು ಹಸು, ಗೌಡರ ತಾಯಿ. ಅವರು ನಮಗೆಲ್ಲ ಅಜ್ಜಿ. ಭಾನುವಾರ ಬೆಳಿಗ್ಗೆ ಮಾತ್ರ ಎಂದು ಗೌಡರು ಜಾಗ ಬಿಟ್ಟುಕೊಟ್ಟಿದ್ದರು. ಷರತ್ತು ಒಂದೇ: "ಜನದ ಮೇಲೆ, ದನದ ಮೇಲೆ ಒಂದ್ಸಲ ಬಿದ್ರೂ ಮುಗೀತು ಸ್ವಾಮಿ. ಆಮೇಲೆ ಈ ಕಡೆ ತಲೆ ಹಾಕಂಗಿಲ್ಲ."

ನಮಗೆ ಹುಡುಕಿದರೆ ಬೇರೆ ಜಾಗ ಸಿಗುತ್ತಿತ್ತು, ಬೈಕಿತ್ತು, ವಯಸ್ಸಿತ್ತು. ಅಂಕಲ್‌ಗೆ ಇದ್ದದ್ದು ಆ ಹೊಲ, ವಾರಕ್ಕೆ ಒಂದು ಬೆಳಿಗ್ಗೆ, ಆ ಕನ್ನಡಕ. ಮೂರರಲ್ಲಿ ಒಂದು ಹೋದರೂ ಹಾರಾಟ ಹೋಯಿತು.

ಅಲ್ಲೇ ಒಮ್ಮೆ ಅವರ ಗ್ಲಾಸಿಗೆ ನನ್ನ ಪವರಿನ ಗಾಜು ಕೂರಿಸಿ ನನ್ನ ಕಣ್ಣಿಗೆ ಹಾಕಿ, ತಾವು ಮಾಮೂಲಿ ಕನ್ನಡಕದಲ್ಲಿ ಡ್ರೋನನ್ನು ನೋಡುತ್ತಾ ತೆಂಗಿನ ಮರದ ಮೇಲಕ್ಕೆ ಏರಿಸಿದ್ದರು. "ಏನ್ ಕಾಣಿಸ್ತು?"

"ಅಬ್ಬಾ, ಸೂಪರ್ ಅಂಕಲ್."

"ಅದು ಅನ್ನಿಸಿದ್ದು. ಕಾಣಿಸಿದ್ದು?"

ಮತ್ತೆ ನೋಡಿದೆ. "ಮರದ ತಲೆ. ಗರಿಗಳ ಮಧ್ಯೆ ಒಂದು ಗಾಳಿಪಟ ಸಿಕ್ಕಿಕೊಂಡಿದೆ. ಬಾಲ ಇಲ್ಲ. ಅದರ ಮೇಲೆ ಇರುವೆ ಓಡಾಡ್ತಿದೆ. ಕೆಳಗಡೆ… ಕೆಳಗಡೆ ನನ್ನ ಬೂಟು."

"ಹ್ಞಾಂ," ಎಂದರು. ಯಾರೋ ಅವರಿಗೆ ಹಲಸಿನ ಹಣ್ಣು ಕೊಟ್ಟ ಹಾಗೆ. ನನ್ನ ಬೂಟು ಕೆಂಪು ಬಣ್ಣದ್ದು. ಗುಂಪಿನ ಹುಡುಗರೆಲ್ಲ ಅದಕ್ಕೆ ಗೇಲಿ ಮಾಡುತ್ತಿದ್ದರು.

ಈಗ ಆ ಭಾನುವಾರದ ಬಗ್ಗೆ. ಮೊದಲು ನಮ್ಮಲ್ಲಿದ್ದ ಒಂದು ಪದ್ಧತಿ ಹೇಳಬೇಕು. ನಮ್ಮ ಡ್ರೋನುಗಳ ಚಿತ್ರ ಹಳೇ ಕಾಲದ ಟೀವಿಯ ಹಾಗೆ ಚಾನೆಲ್ ಮೇಲೆ ಬರುತ್ತದೆ. ಅವರದು ಮೂರು, ನನ್ನದು ಆರು. ಇಬ್ಬರು ಒಂದೇ ಚಾನೆಲ್ಲಿಗೆ ಬಂದರೆ ಹತ್ತಿರದ ಡ್ರೋನಿನ ಚಿತ್ರ ದೂರದ ಡ್ರೋನಿನ ಚಿತ್ರವನ್ನು ನುಂಗುತ್ತದೆ. ಮೇಲೆ ಹಾರಿಸುತ್ತಿರುವವರಿಗೆ ಇದ್ದಕ್ಕಿದ್ದಂತೆ ಇನ್ನೊಬ್ಬರ ನೋಟ ಬಂದು ಕೂರುತ್ತದೆ. ಆದ್ದರಿಂದ ಬ್ಯಾಟರಿ ಸಿಕ್ಕಿಸುವ ಮೊದಲು ಕೂಗಬೇಕು: "ಆರು, ಹಾಕ್ಲಾ?" ಹಾರಿಸುತ್ತಿರುವವರು "ಹಾಕು" ಎನ್ನುವವರೆಗೆ ಕಾಯಬೇಕು. ಇನ್ನೊಂದು ಪದ್ಧತಿ, ಹಾರಿಸುವವರ ಪಕ್ಕ ಒಬ್ಬರು ನಿಂತು ಬರಿಗಣ್ಣಲ್ಲಿ ಡ್ರೋನನ್ನು ನೋಡುತ್ತಿರಬೇಕು.

ಅವತ್ತು ಅವರ ಪಕ್ಕ ನಿಲ್ಲುವ ಸರದಿ ನನ್ನದು. ಅವರು ಹಾರಿಸುತ್ತಿದ್ದರು, ನಾನು ಮೂರನೇ ವಾದವನ್ನು ಮತ್ತೆ ತೆಗೆದಿದ್ದೆ.

"ಆಮೇಲೆ ಮಾತಾಡೋಣ ಕಣಮ್ಮಾ," ಎಂದರು.

ನನಗೆ ಸಿಟ್ಟು ಬಂತು. ಕುಕ್ಕರಗಾಲಲ್ಲಿ ಕೂತು, ನನ್ನ ಡ್ರೋನನ್ನು ಮೂಗು ನನ್ನ ಕಡೆಗಿರುವ ಹಾಗೆ ನೆಲಕ್ಕಿಟ್ಟು ಸಿದ್ಧ ಮಾಡಿಕೊಳ್ಳತೊಡಗಿದೆ. ಕೂಗಲಿಲ್ಲ. ಅವರದು ಮೂರು, ನನ್ನದು ಆರು, ಬೇರೆ ಬೇರೆ ಇರುವಾಗ ಕೂಗುವ ಅಗತ್ಯ ಏನು? ಪದ್ಧತಿ ಇರುವುದು ಗೊಂದಲ ತಪ್ಪಿಸಲು. ಗೊಂದಲವೇ ಇಲ್ಲದಾಗ ಅದು ಬರೀ ಮಂತ್ರ. ಹೀಗೆ ನನ್ನೊಳಗೇ ಪೂರ್ತಿ ವಾದ ಮಂಡಿಸಿ, ಗೆದ್ದು, ಬ್ಯಾಟರಿ ಸಿಕ್ಕಿಸಿದೆ.

"ಏಯ್!" ಎಂದರು ಅವರು.

ತಲೆಯೆತ್ತಿದಾಗ ಡ್ರೋನು ಹೊಲದ ಅಂಚಿನ ಕಡೆ ವಾಲಿ ಇಳಿಯುತ್ತಿತ್ತು. ಗಾಬರಿಯಲ್ಲಿ ನನ್ನ ಬ್ಯಾಟರಿ ಕಿತ್ತೆ. ಮರುಕ್ಷಣ ಕೊಟ್ಟಿಗೆಯ ಶೀಟಿನ ಮೇಲೆ ಢಣ್ ಎಂದು ಸದ್ದಾಯಿತು. ಒಳಗಿದ್ದ ಹಸು ಹಗ್ಗ ಕಿತ್ತುಕೊಂಡು ರಸ್ತೆಗೆ ಓಡಿತು. ನಮ್ಮ ಗುಂಪಿನ ಹುಬ್ಬಳ್ಳಿಯವನು ಊಟ ತಲುಪಿಸುವ ತನ್ನ ಬೈಕಿನಲ್ಲಿ, ಬೆನ್ನ ಮೇಲೆ ಡಬ್ಬ ಹೊತ್ತುಕೊಂಡೇ, ಹಸುವಿನ ಹಿಂದೆ ಹೋದ. ಅರ್ಧ ಗಂಟೆಯ ಮೇಲೆ ಇಬ್ಬರೂ ಬಂದರು. ಹಸುವಿಗೆ ಏನೂ ಆಗಿರಲಿಲ್ಲ.

"ಗಬ್ಬದ ಹಸು ಕಣ್ರೀ ಅದು!" ಗೌಡರು ಕೂಗಿದರು. "ಏನ್ ಹೇಳಿದ್ದೆ ನಾನು? ಯಾಕ್ ಬಿತ್ತು ಅಂತ ಸರಿಯಾಗ್ ಹೇಳಿ. ಇಲ್ದಿದ್ರೆ ಇವತ್ತೇ ಕೊನೆ."

ಅಂಕಲ್ ಕಪ್ಪು ಮುಚ್ಚಳ ತೆಗೆದರು. ನನ್ನ ಕಡೆ ತಿರುಗಿ ಕೇಳಿದರು, "ನೀನು ಏನ್ ನೋಡಿದ್ಯಮ್ಮಾ?"

ನಾನು ಏನನ್ನೂ ನೋಡಿರಲಿಲ್ಲ. ನೋಡಬೇಕಾದವಳು ನೆಲ ನೋಡುತ್ತಾ ಕೂತಿದ್ದೆ. ಒಂದು ಕ್ಷಣ ಕಣ್ಣು ಕೈಯಲ್ಲಿದ್ದ ಬ್ಯಾಟರಿಯ ಮೇಲೆ ಹೋಯಿತು. ನನ್ನದು ಆರು ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ. ಆಮೇಲೆ ಗೌಡರ ಕಡೆ ತಿರುಗಿ ಶುರುಮಾಡಿದೆ.

ಬಹಳ ಚೆನ್ನಾಗಿ ಮಾತಾಡಿದೆ, ಅದೇ ತೊಂದರೆ. ಚಿತ್ರ ತಡವಾಗಿ ಬರುತ್ತದೆ ಎಂದೆ, ಅವರೇ ಅಳೆದಿದ್ದಾರೆ ಎಂದೆ. ಬಿಸಿಲು ಎದುರಿಗಿತ್ತು ಎಂದೆ. ಎರಡು ಕಡೆ ನೋಡುವವರು ಯಾವ ಕಡೆಯನ್ನೂ ನೋಡುವುದಿಲ್ಲ ಎಂದೆ. ತಪ್ಪು ಜಾಗದ್ದಲ್ಲ, ಜನರದ್ದೂ ಅಲ್ಲ, ಆ ಕನ್ನಡಕದ್ದು. ಅದೊಂದನ್ನು ಇಲ್ಲಿ ನಿಲ್ಲಿಸಿದರೆ ಗೌಡರ ಷರತ್ತೂ ಉಳಿಯುತ್ತದೆ, ನಮ್ಮ ಭಾನುವಾರವೂ ಉಳಿಯುತ್ತದೆ. ಗೌಡರು ಮೆತ್ತಗಾದರು. "ಹಂಗಾದ್ರೆ ಆ ಕನ್ನಡಕ ಬೇಡ. ಬೇರೆಯವ್ರು ಹಾರಿಸ್ಕಳಿ," ಎಂದರು.

"ಸರಿ," ಎಂದರು ಇವರು. ಶೀಟಿನ ಮೇಲಿಂದ ಡ್ರೋನ್ ಇಳಿಸಿಕೊಂಡು, ವೈರು ಸುತ್ತಿ, ಚೀಲಕ್ಕೆ ಹಾಕಿದರು. ನನ್ನ ಕನ್ನಡಕದ ಮೇಲೆ ದಪ್ಪಗೆ ಧೂಳು ಕೂತಿತ್ತು. ಅವರು ಒರೆಸಲಿಲ್ಲ.

"ಲಾಯರ್ ಬಾಯಾರ, ಭಾಳ ಚಲೋ ಮಾತಾಡಿದ್ರಿ," ಎಂದ ಹುಬ್ಬಳ್ಳಿಯವನು. "ಜಾಗಾ ಉಳೀತು. ಅಂಕಲ್ ಒಬ್ರು ಹ್ವಾದ್ರು, ಅಷ್ಟ."

ಹೊಗಳಿಕೆಯೋ ಚುಚ್ಚು ಮಾತೋ ಎಂದು ಆಗ ತಿಳಿಯಲಿಲ್ಲ.

ಅವರು ಮತ್ತೆ ಬರಲಿಲ್ಲ. ಅಂಗಡಿಗೆ ಹೋದರೆ ಮೊದಲಿನ ಹಾಗೇ ಮಾತಾಡುತ್ತಿದ್ದರು, ಡ್ರೋನಿನ ವಿಷಯ ಬಿಟ್ಟು. ಅಕ್ಷರದ ಬೋರ್ಡಿನ ಕೆಳಗಿನ ಜಾಗ ಖಾಲಿಯಾಗಿತ್ತು. ನಾಲ್ಕು ತಿಂಗಳಾದ ಮೇಲೆ ಆ ಕಟ್ಟಡ ಕೆಡವುತ್ತಾರೆಂದು ಗೊತ್ತಾಯಿತು. ಅವರು ಅಂಗಡಿ ಮುಚ್ಚಿ ಮೈಸೂರಿಗೆ, ಮಗಳ ಮನೆಯ ಹತ್ತಿರಕ್ಕೆ ಹೊರಟರು. ಕೊನೆಯ ದಿನ ನನಗೊಂದು ಕನ್ನಡಕದ ಕೇಸ್ ಕೊಟ್ಟರು.

"ರಿಸೀವರ್ ಇದೆ ಒಳಗೆ. ನಾನಿನ್ನು ಹಾರಿಸಲ್ಲ, ನಿಂಗೆ ಬೇಕಾಗಬಹುದು. ಕಾರ್ಡೂ ಅದರಲ್ಲೇ ಇದೆ." ಆಮೇಲೆ, "ನಿಧಾನಕ್ಕೆ ನೋಡು," ಎಂದರು.

ಆ ರಿಸೀವರ್ ತನಗೆ ಬಂದ ಚಿತ್ರವನ್ನೆಲ್ಲ ತನ್ನೊಳಗಿನ ಕಾರ್ಡಿಗೆ ಬರೆದುಕೊಳ್ಳುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಮನೆಗೆ ಹೋದವಳೇ, ಊಟಕ್ಕೂ ಕೂರದೆ, ರಿಸೀವರಿಗೆ ಸುತ್ತಿದ್ದ ಹಳದಿ ಬಟ್ಟೆ ಬಿಚ್ಚಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಕೊನೆಯ ರೆಕಾರ್ಡಿಂಗ್ ಆ ಭಾನುವಾರದ್ದು.

ಕಂಡದ್ದು ಇಷ್ಟು. ಹೊಲ. ತೆಂಗಿನ ಮರ. ದೂರದಲ್ಲಿ ಚಾಪೆಯ ಮೇಲೆ ಹಪ್ಪಳ ಒಣಹಾಕುತ್ತಿರುವ ಅಜ್ಜಿ. ಚಿತ್ರ ಒಮ್ಮೆ ಸೀಳಿದ ಹಾಗಾಯಿತು. ಆಮೇಲೆ ಕೆಂಪು ಬೂಟು. ಎಡಗಾಲಿನದರ ಲೇಸು ಬಿಚ್ಚಿತ್ತು. ಪಕ್ಕದಲ್ಲಿ ಬ್ಯಾಟರಿಯ ವೈರು ಹಿಡಿದ ಕೈ, ಬೆರಳಿನಲ್ಲಿ ನನ್ನ ಉಂಗುರ. ಆ ಬೂಟು ಹಾಗೇ ಇತ್ತು, ಬಹಳ ಹೊತ್ತು ಅನ್ನಿಸುವಷ್ಟು. ಕೊನೆಗೆ ಇನ್ನೊಂದು ಸೀಳು, ಮೇಲಕ್ಕೆ ಧಾವಿಸಿ ಬರುವ ಶೀಟು, ಕತ್ತಲು.

ಎದ್ದು ಹೋಗಿ ನನ್ನ ಡ್ರೋನ್ ತಂದೆ. ಆ ಭಾನುವಾರದ ಹಿಂದಿನ ವಾರವಷ್ಟೇ ಸುಟ್ಟುಹೋಗಿದ್ದ ಬಿಡಿಭಾಗವೊಂದನ್ನು ಬದಲಿಸಿದ್ದೆ, ಚಿತ್ರ ಕಳಿಸುವ ಭಾಗ. ಆ ಭಾನುವಾರ ಕಳೆದ ಮೇಲೆ ಒಂದು ದಿನ ಡಬ್ಬಿಯಲ್ಲಿ ಚಿತ್ರ ಬಾರದೆ, ಗೊಣಗುತ್ತಾ ಗುಂಡಿ ಒತ್ತಿ ಅದನ್ನು ಆರಕ್ಕೆ ತಂದದ್ದು ಈಗ ನೆನಪಾಯಿತು. ಯಾವ ಸಂಖ್ಯೆಯಿಂದ ಆರಕ್ಕೆ? ಅದರ ಜೊತೆ ಬಂದಿದ್ದ ಚೀಟಿ ಪೆಟ್ಟಿಗೆಯಲ್ಲೇ ಇತ್ತು. ಹೊಸದರಲ್ಲಿ ಅದು ಮೂರರಲ್ಲಿರುತ್ತದೆ ಎಂದು ಅಚ್ಚಾಗಿತ್ತು.

ಮುಂದಿನ ಭಾನುವಾರ ಗೌಡರ ಮುಂದೆ ನಿಂತೆ. ಈ ಸಲ ವಾದ ಇರಲಿಲ್ಲ. ಲ್ಯಾಪ್‌ಟಾಪ್ ಜಗುಲಿಯ ಮೇಲಿಟ್ಟು ತೋರಿಸಿದೆ. ಇದು ನನ್ನ ಬೂಟು, ಇದು ನನ್ನ ಕೈ, ನಾನು ಕೂಗಲಿಲ್ಲ, ಅವರಿಗೆ ಕಾಣಬೇಕಾದದ್ದನ್ನು ನಾನು ಮುಚ್ಚಿದೆ ಎಂದು, ಆದ ಕ್ರಮದಲ್ಲಿ ಹೇಳಿದೆ. ಗೌಡರು ಎರಡು ಸಲ ನೋಡಿದರು.

"ಮತ್ತೆ ಬೂಟು ಕಾಣ್ತಿರುವಾಗ ಕೊಟ್ಟಿಗೆ ಕಡೆ ತಿರುಗಿಸಿದ್ದು ಯಾರು?" ಎಂದರು.

ಅದು ನನಗೂ ಹೊಳೆದಿರಲಿಲ್ಲ. ಉತ್ತರ ಬಂದದ್ದು ಹಪ್ಪಳದ ಚಾಪೆಯಿಂದ.

"ಇನ್ಯಾರು? ಆವಯ್ಯನೇಯ," ಎಂದರು ಅಜ್ಜಿ. "ಬುರ್ರ್ ಅಂತ ನನ್ ತಲೆ ಮ್ಯಾಕೇ ಬತ್ತಿತ್ತು. ಆವಯ್ಯ ಕನ್ನಡಕದ ತಳಗಿಂದ ಒಂದ್ಕಿತ ನನ್ನ ನೋಡ್ದ. ನೋಡಿ ಕೈ ತಿರುವ್ದ. ಅದು ಕೊಟ್ಟಿಗೆ ಮ್ಯಾಲೆ ಹೋಯ್ತು."

"ಅಜ್ಜೀ, ಅವತ್ತೇ ಯಾಕೆ ಹೇಳ್ಲಿಲ್ಲ?"

"ನನ್ನ ಯಾರ್ ಕೇಳುದ್ರವ್ವ? ನೀನೇ ಮಾತಾಡ್ತಿದ್ದೆ."

ಡಬ್ಬಿ ಹಾಕಿದ್ದರೆ ಅವರಿಗೆ ಕೊನೆಯವರೆಗೂ ನನ್ನ ಬೂಟೇ ಕಾಣುತ್ತಿತ್ತು. ನನ್ನ ಮೂರನೇ ವಾದವನ್ನು ಅಳೆಯುವುದು ಹೇಗೆ ಎಂದು ಅವರು ಕೇಳಿದ್ದರಲ್ಲ, ಅಳತೆ ಸಿಕ್ಕಿತ್ತು. ಗೌಡರು ಲ್ಯಾಪ್‌ಟಾಪ್ ಮುಚ್ಚಿ ನನ್ನ ಕೈಗೆ ಕೊಟ್ಟರು. "ನೀವು ಒಂದು ತಿಂಗಳು ಹಾರಿಸ್ಬೇಡಿ. ಅವ್ರನ್ನ ಬರೋಕೇಳಿ."

ಹೊಲದಿಂದಲೇ ಫೋನ್ ಮಾಡಿದೆ.

"ಕಾರ್ಡ್ ನೋಡಿದ್ಯಾ? ಏನ್ ಕಾಣಿಸ್ತು?"

"ಕೆಂಪು ಬೂಟು. ಎಡಗಾಲಿನ ಲೇಸು ಬಿಚ್ಚಿತ್ತು. ಆಮೇಲೆ ಶೀಟು."

"ಹ್ಞಾಂ."

"ಅಂಕಲ್, ನಿಮಗೆ ಅವತ್ತೇ ಗೊತ್ತಿತ್ತು. ಯಾಕೆ ಸುಮ್ಮನಿದ್ರಿ?"

"ಬೂಟು ಕಾಣಿಸ್ತು, ನಿಜ. ಆದ್ರೆ ನಿಂದು ಆರಲ್ವಾ, ಮೂರಕ್ಕೆ ಹೇಗೆ ಬಂತು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ನಿನ್ನ ಕೇಳ್ದೆ, ಏನ್ ನೋಡ್ದೆ ಅಂತ. ಆಮೇಲೆ ಮನೆಗೆ ಹೋಗಿ ಕಾರ್ಡ್ ಹಾಕಿ ನೋಡ್ದೆ. ಅಷ್ಟೊತ್ತಿಗೆ ನೀನು ಗೆದ್ದಾಗಿತ್ತಲ್ಲ." ಕೂಡಲೇ ಕೇಳಿದರು, "ಅದು ಸರಿ, ಮೂರಕ್ಕೆ ಹೇಗ್ ಬಂತು?"

ನಾನು ಕ್ಷಮೆ ಕೇಳಲು ಮಾತು ಜೋಡಿಸುತ್ತಿದ್ದೆ. ಅವರು ನಿಜವಾಗಿಯೂ ಕಾಯುತ್ತಿದ್ದದ್ದು ಆ ಉತ್ತರಕ್ಕೆ. ಹೊಸ ಭಾಗ, ಅಚ್ಚಾದ ಚೀಟಿ ಎಲ್ಲ ಹೇಳಿದೆ. "ಓಹೋಹೋ," ಎಂದರು, ನಾಲ್ಕು ತಿಂಗಳ ತುರಿಕೆ ಹೋದವರ ಹಾಗೆ.

ಒಂದು ತಿಂಗಳು ಕಳೆದ ಮೇಲಿನ ಭಾನುವಾರ, ಮೈಸೂರಿನ ಮೊದಲ ಬಸ್ಸಿಗೆ ಹೊರಟು ಬಂದು ಕೆಂಗೇರಿಯಲ್ಲಿ ಇಳಿದರು. ಅದೇ ಸ್ವೆಟರ್, ಚೀಲದಲ್ಲಿ ಅದೇ ಡ್ರೋನು, ಅದೇ ಸ್ಮಾರ್ಟ್ ಗ್ಲಾಸ್. ನಾನು ಕೇಸ್ ಕೈಗೆ ಕೊಟ್ಟೆ. ಅವರು ರಿಸೀವರನ್ನು ಜೇಬಿಗೆ ಹಾಕಿಕೊಂಡು, ಹಳದಿ ಬಟ್ಟೆ ಬಿಡಿಸಿ, ನನ್ನ ಮುಖದಿಂದ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಕೂರಿಸಿದರು. ನಾನು ಆಕ್ಷೇಪಿಸಲಿಲ್ಲ. ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಬಾಯಿ ತೆರೆದೆ.

"ಅದು ಆಮೇಲೆ," ಎಂದರು. "ಬಿಸಿಲು ಏರೋ ಮುಂಚೆ ಹಾರಿಸೋಣ."

ಹುಬ್ಬಳ್ಳಿಯವನು ಅವರ ಪಕ್ಕ ನಿಂತ. ಅವರ ಡ್ರೋನು ಎದ್ದಿತು, ತೆಂಗಿನ ಮರ ಸುತ್ತಿತು, ಕೊಟ್ಟಿಗೆಯಿಂದ ಗೌರವದ ದೂರದಲ್ಲಿ ತಿರುಗಿತು. ಗರಿ ಎದುರಾದಾಗ ನೆಲದ ಮೇಲೆ ನಿಂತ ಅವರು ತಲೆ ಬಗ್ಗಿಸಿದರು. ಅಜ್ಜಿ ನಕ್ಕರು. ನಾನು ಹತ್ತು ಹೆಜ್ಜೆ ಆಚೆ ಕೂತು, ವೈರಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂಗಿದೆ.

"ಆರು, ಹಾಕ್ಲಾ?"

"ತಾಳು."

ತಾಳಿದೆ. ಡ್ರೋನು ಇನ್ನೊಂದು ಸುತ್ತು ಹೋಯಿತು. "ಅಂಕಲ್, ಆರು, ಹಾಕ್ಲಾ?"

"ತಾಳಮ್ಮಾ. ಗಾಳಿಪಟ ಇನ್ನೂ ಅಲ್ಲೇ ಇದ್ಯಾ ನೋಡ್ತಾ ಇದೀನಿ."

ಆರು ಬೇರೆ, ಮೂರು ಬೇರೆ. ಈ ಸಲ ನಾನು ನಿಜವಾಗಿಯೂ ಆರರಲ್ಲಿದ್ದೆ, ಹಿಂದಿನ ದಿನ ಮೂರು ಸಲ ನೋಡಿದ್ದೆ. ನನ್ನ ಬಳಿ ಬಲವಾದ ವಾದವಿತ್ತು. ಹುಬ್ಬಳ್ಳಿಯವನು ಆಕಾಶ ನೋಡುತ್ತಲೇ ನಗುತ್ತಿದ್ದ. ಅವರು ಒಂದು ಬ್ಯಾಟರಿ ಪೂರ್ತಿ ಹಾರಿಸಿ, ನಿಧಾನಕ್ಕೆ ಇಳಿಸಿ, ರೆಕ್ಕೆ ನಿಲ್ಲುವವರೆಗೆ ನೋಡಿ, ಕಪ್ಪು ಮುಚ್ಚಳ ತೆಗೆದು, ನನ್ನ ಬೂಟಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು.

"ಲೇಸು ಕಟ್ಕೋ," ಎಂದರು. "ಹ್ಞಾಂ, ಈಗ ಹಾಕು."